ಲೌಂಡ್ಸ್ ಕೌಂಟಿ: ಮತ ಬಂತು, ಚರಂಡಿ ಬರಲಿಲ್ಲ – ಒಂದು ಪ್ರಕರಣ ಅಧ್ಯಯನ

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಲೌಂಡ್ಸ್ ಅಂತ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ, ಇದೆ. ಅಲ್ಲಿನ ಎಷ್ಟೋ ಮನೆಗಳ ಶೌಚದ ನೀರು ಈಗಲೂ ಹಿತ್ತಲಲ್ಲೇ ನಿಲ್ಲುತ್ತದೆ. 1960ರ ದಶಕದಲ್ಲಿ ಮತದ ಹಕ್ಕಿಗಾಗಿ ಪ್ರಾಣ ಪಣಕ್ಕಿಟ್ಟು ಹೋರಾಡಿದ್ದು ಇದೇ ಕೌಂಟಿಯ ಕಪ್ಪು ಜನ. ಗೆದ್ದರು, ತಮ್ಮವರನ್ನೇ ಆರಿಸಿ ಕುರ್ಚಿಯಲ್ಲಿ ಕೂರಿಸಿದರು. ಆಮೇಲೂ ಹಿತ್ತಲಿನ ಕೊಳಚೆ ಯಾಕೆ ಹೋಗಲಿಲ್ಲ? ಪಂಚಾಯಿತಿ, ನೈರ್ಮಲ್ಯ, ಸ್ಥಳೀಯ ತೆರಿಗೆ ಇಂಥ ವಿಷಯಗಳಲ್ಲಿ ಕೆಲಸ ಮಾಡುವವರು ಈ ಪ್ರಶ್ನೆಯನ್ನು ನಿಧಾನವಾಗಿ ಬಿಡಿಸಿ ನೋಡಬೇಕು ಅಂತ ನನ್ನ ಆಸೆ.

ಕೌಂಟಿಯ ಹೆಸರು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅದರ ಇತಿಹಾಸ ಇಲ್ಲದೆ ಈ ಕಥೆಯೇ ಇಲ್ಲ. ಆದರೆ ಮನೆಗಳ ಹೆಸರು, ಕುಟುಂಬಗಳ ಗುರುತು ಎಲ್ಲೂ ಹೇಳುವುದಿಲ್ಲ. ಕೆಳಗೆ ಬರುವ ‘ಆ ಮನೆ’ ಯಾವುದೋ ಒಂದೇ ಮನೆಯಲ್ಲ. ಅಲ್ಲಿನ ತುಂಬಾ ಮನೆಗಳಲ್ಲಿ ಕಾಣುವ ಸ್ಥಿತಿಯನ್ನು ಒಟ್ಟು ಮಾಡಿ ಒಂದು ಮನೆಯಾಗಿ ಇಟ್ಟಿದ್ದೇನೆ.

ಆ ಮನೆ

ಮಣ್ಣಿನ ರಸ್ತೆಯ ಕೊನೆಯಲ್ಲಿ ಒಂದು ಜಾಗ. ಅಜ್ಜ ಕಷ್ಟಪಟ್ಟು ಕೊಂಡ ನೆಲ. ಈಗ ಅದರ ಮೇಲೆ ಮೂರ್ನಾಲ್ಕು ಮೊಬೈಲ್ ಹೋಮ್‌ಗಳು ನಿಂತಿವೆ. ಮೊಬೈಲ್ ಹೋಮ್ ಅಂದರೆ ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬಂದು ನೆಲದ ಮೇಲೆ ಕೂರುವ ಉದ್ದನೆಯ ಮನೆ. ಒಂದರಲ್ಲಿ ಅಜ್ಜಿ, ಪಕ್ಕದ್ದರಲ್ಲಿ ಮಗಳು ಮತ್ತು ಮೊಮ್ಮಕ್ಕಳು, ಇನ್ನೊಂದರಲ್ಲಿ ಮಗ. ನೆಲದ ದಾಖಲೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ನಮ್ಮಲ್ಲಿ ಪೌತಿ ಖಾತೆ ಆಗದೆ ಉಳಿದ ಜಮೀನು ಅಂತೀವಲ್ಲ, ಹಾಗೆ. ವಾರಸುದಾರರು ಹತ್ತಾರು ಮಂದಿ, ಕೆಲವರು ಷಿಕಾಗೋ, ಡೆಟ್ರಾಯಿಟ್ ಕಡೆ ಹೋಗಿ ತಲೆಮಾರುಗಳೇ ಕಳೆದಿವೆ.

ಶೌಚಾಲಯದಿಂದ ಒಂದು ಪ್ಲಾಸ್ಟಿಕ್ ಪೈಪ್ ಹೊರಗೆ ಬರುತ್ತದೆ. ಸ್ವಲ್ಪ ದೂರ ಹೋಗಿ ಗಿಡಗಂಟಿಗಳ ಹತ್ತಿರ ಬಾಯಿ ತೆರೆಯುತ್ತದೆ. ಅಷ್ಟೇ. ಮಳೆ ಜಾಸ್ತಿಯಾದರೆ ಆ ನೀರು ಹರಿದು ಹೋಗದೆ ಮನೆಯ ಕಡೆಗೇ ತಿರುಗುತ್ತದೆ. ಟ್ಯಾಂಕ್ ಹಾಕಿಸಿಕೊಂಡ ನೆಂಟರ ಮನೆಯಲ್ಲೂ ನೆಮ್ಮದಿಯಿಲ್ಲ. ಅಲ್ಲಿ ಹೊಲಸು ನೀರು ಸ್ನಾನದ ತೊಟ್ಟಿಯೊಳಗೆ ಉಕ್ಕಿ ಬರುತ್ತದೆ.

ಇದನ್ನು ನೋಡಿ ‘ಇವರಿಗೆ ಸ್ವಚ್ಛತೆ ಗೊತ್ತಿಲ್ಲ’ ಅನ್ನೋದು ಬಹಳ ಸುಲಭ. ದಶಕಗಳ ಕಾಲ ಹಾಗೆಯೇ ಅಂದರು. ಅದು ಸುಳ್ಳು. ಯಾಕೆ ಸುಳ್ಳು ಅಂತ ತಿಳಿಯಬೇಕಾದರೆ ಮೊದಲು ಆ ಮನೆಯ ಕೆಳಗಿನ ಮಣ್ಣು ನೋಡಬೇಕು.

ನೆಲ ಮತ್ತು ಜನ

ಲೌಂಡ್ಸ್ ಕೌಂಟಿ ಸೆಲ್ಮಾ ಮತ್ತು ರಾಜಧಾನಿ ಮಾಂಟ್ಗೊಮರಿ ನಡುವೆ ಬರುತ್ತದೆ. ಉತ್ತರದ ಗಡಿಯಲ್ಲಿ ಅಲಬಾಮಾ ನದಿ. 80ನೇ ನಂಬರಿನ ಹೆದ್ದಾರಿ ಕೌಂಟಿಯ ಮಧ್ಯೆ ಹಾದುಹೋಗುತ್ತದೆ. 1830ರಲ್ಲಿ ರಚನೆಯಾದ ಕೌಂಟಿ ಇದು, ಆಡಳಿತದ ಊರು ಹೇನ್‌ವಿಲ್. ವಿಸ್ತೀರ್ಣ ಸುಮಾರು 1,850 ಚದರ ಕಿಲೋಮೀಟರ್, ಅಂದರೆ ನಮ್ಮ ಎರಡು ತಾಲ್ಲೂಕಿನಷ್ಟು. ಜನಸಂಖ್ಯೆ ಮಾತ್ರ 2020ರ ಗಣತಿಯಲ್ಲಿ 10,311. ಚದರ ಕಿಲೋಮೀಟರಿಗೆ ಆರು ಜನ ಕೂಡ ಇಲ್ಲ. 2011ರ ಗಣತಿಯಲ್ಲಿ ಕರ್ನಾಟಕದ್ದು 319 ಇತ್ತು ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿ.

1900ರಲ್ಲಿ ಇದೇ ಕೌಂಟಿಯಲ್ಲಿ 35,000ಕ್ಕೂ ಹೆಚ್ಚು ಜನ ಇದ್ದರು. ಹತ್ತಿ ಬೆಳೆ, ಅದಕ್ಕೆ ಮೊದಲು ಗುಲಾಮರ ದುಡಿಮೆ, ಆಮೇಲೆ ಪಾಲಿಗೆ ಉಳುವ ಬಡ ರೈತರ ದುಡಿಮೆ. ಹತ್ತಿಗೆ ಹುಳ ಬಿತ್ತು, ಟ್ರ್ಯಾಕ್ಟರ್ ಬಂತು, ಕಪ್ಪು ಜನರ ಮೇಲಿನ ಹಿಂಸೆ ನಿಲ್ಲಲಿಲ್ಲ. ಜನ ಉತ್ತರದ ಊರುಗಳಿಗೆ ಹೊರಟರು. 1960ರ ಹೊತ್ತಿಗೆ ಉಳಿದವರು 15,000 ಚಿಲ್ಲರೆ, ಅದರಲ್ಲಿ ನೂರಕ್ಕೆ 80 ಮಂದಿ ಕಪ್ಪು ಜನ. ಈಗಲೂ ನೂರಕ್ಕೆ 70ಕ್ಕಿಂತ ಜಾಸ್ತಿ. ಹತ್ತಿ ಹೊಲಗಳು ಹುಲ್ಲುಗಾವಲಾದವು, ಮರ ಬೆಳೆಯುವ ಕಾಡಾದವು. ದೊಡ್ಡ ಜಮೀನುಗಳು ಮಾತ್ರ ದೊಡ್ಡವಾಗಿಯೇ ಉಳಿದವು.

ಈಗ ಮಣ್ಣು. ಏಳೆಂಟು ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರ ಇತ್ತು. ಅದರ ತಳದಲ್ಲಿ ಕೂತ ಸುಣ್ಣದ ಪದರವೇ ಈಗ ಕೆಳಗಿರುವ ಚಾಕ್ ಕಲ್ಲು. ಅದರ ಮೇಲೆ ಗಟ್ಟಿ ಜೇಡಿಮಣ್ಣು. ಗದಗ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನಮ್ಮ ಎರೆ ಮಣ್ಣು ಹೆಚ್ಚಾಗಿ ಬಸಾಲ್ಟ್ ಕಲ್ಲಿನಿಂದ ಹುಟ್ಟಿದ್ದು, ಅಲ್ಲಿಯದು ಚಾಕ್ ಕಲ್ಲಿನಿಂದ. ಗುಣ ಮಾತ್ರ ಒಂದೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಒದ್ದೆಯಾದ ಮೇಲೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎರಡೂ ಕಡೆ ಹತ್ತಿ ಬೆಳೆದದ್ದು ಸುಮ್ನೆ ಅಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ದಕ್ಷಿಣದ ಹತ್ತಿ ಬೀಜವನ್ನು, ಅಲ್ಲಿನ ಬೆಳೆಗಾರರನ್ನು ಕೂಡ ತರಿಸಿ ಧಾರವಾಡ ಸೀಮೆಯಲ್ಲಿ ಬೆಳೆಸಿ ನೋಡಿದ್ದರು.

ಹತ್ತಿಗೆ ಒಳ್ಳೆಯದಾದ ಈ ಮಣ್ಣು ಸೆಪ್ಟಿಕ್ ಟ್ಯಾಂಕಿಗೆ ಶತ್ರು. ಟ್ಯಾಂಕ್ ಕೆಲಸ ಮಾಡಬೇಕಾದರೆ ಅದರಿಂದ ಹೊರಬಿದ್ದ ನೀರು ನೆಲದಲ್ಲಿ ಇಂಗಬೇಕು. ಗುಂಡಿ ತೋಡಿ, ನೀರು ತುಂಬಿ, ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಗಡಿಯಾರ ಹಿಡಿದು ಅಳೆಯುವ ಪರೀಕ್ಷೆ ಇದೆ. ಇಲ್ಲಿನ ಎಷ್ಟೋ ಜಾಗಗಳಲ್ಲಿ ನೀರು ಇಳಿಯುವುದೇ ಇಲ್ಲ. ಆಗ ಸಾಮಾನ್ಯ ಟ್ಯಾಂಕಿಗೆ ಪರವಾನಗಿ ಸಿಗುವುದಿಲ್ಲ. ಬೇರೆ ಕಡೆಯಿಂದ ಮರಳು ತಂದು ದಿಬ್ಬ ಕಟ್ಟಿ, ಪಂಪಿನಿಂದ ನೀರನ್ನು ಮೇಲೆತ್ತಿ ಆ ದಿಬ್ಬದಲ್ಲಿ ಇಂಗಿಸುವ ವ್ಯವಸ್ಥೆ ಬೇಕು. ಖರ್ಚು 15,000ದಿಂದ 30,000 ಡಾಲರ್, ಕೆಲವೊಮ್ಮೆ ಇನ್ನೂ ಜಾಸ್ತಿ. ಅಲ್ಲಿನ ಸಾಧಾರಣ ಕುಟುಂಬವೊಂದರ ಇಡೀ ವರ್ಷದ ಆದಾಯ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಎಲ್ಲರಿಗೂ ಒಳಚರಂಡಿ ಹಾಕಬಹುದಲ್ವಾ? ಚದರ ಕಿಲೋಮೀಟರಿಗೆ ಆರು ಜನ ಇಲ್ಲದ ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಪೈಪ್ ಎಳೆಯುವ ಖರ್ಚನ್ನು ಲೆಕ್ಕ ಹಾಕಿ ನೋಡಿ. ಹೇನ್‌ವಿಲ್‌ನಂಥ ಸಣ್ಣ ಪಟ್ಟಣಗಳಲ್ಲಿ ಒಳಚರಂಡಿ ಇದೆ, ಕೊಳಚೆ ನೀರು ಒಂದು ದೊಡ್ಡ ಹೊಂಡಕ್ಕೆ ಹೋಗುತ್ತದೆ. ಅದೂ ಮಳೆಗಾಲದಲ್ಲಿ ಉಕ್ಕಿ, ತಿಂಗಳು ತಿಂಗಳು ಶುಲ್ಕ ಕಟ್ಟುವವರ ಅಂಗಳಕ್ಕೇ ವಾಪಸ್ ಬಂದದ್ದಿದೆ.

ಕುರ್ಚಿಗಾಗಿ ಹೋರಾಟ

1965ರ ಆರಂಭದಲ್ಲಿ ಈ ಕೌಂಟಿಯಲ್ಲಿ ಮತ ಹಾಕುವ ವಯಸ್ಸಿನ ಕಪ್ಪು ಜನ 5,000ಕ್ಕೂ ಹೆಚ್ಚು. ಮತದಾರರ ಪಟ್ಟಿಯಲ್ಲಿ ಇದ್ದವರು ಒಬ್ಬರೂ ಇಲ್ಲ. ಬಿಳಿಯರ ಹೆಸರುಗಳು ಮಾತ್ರ ಅರ್ಹರ ಸಂಖ್ಯೆಗಿಂತಲೂ ಜಾಸ್ತಿ ಇದ್ದವು. ಆ ವರ್ಷದ ಮಾರ್ಚ್‌ನಲ್ಲಿ ಜಾನ್ ಹ್ಯೂಲೆಟ್ ಎಂಬ ಸ್ಥಳೀಯ ಹೋರಾಟಗಾರ ಮತ್ತು ಕಣ್ಣು ಕಾಣದ ಒಬ್ಬ ಪಾದ್ರಿ, ಇಬ್ಬರೂ ಮೊದಲ ಬಾರಿಗೆ ಪಟ್ಟಿಗೆ ಸೇರಿದರು. ಅದೇ ತಿಂಗಳು 21ರಿಂದ 25ರವರೆಗೆ ಸೆಲ್ಮಾದಿಂದ ಮಾಂಟ್ಗೊಮರಿಗೆ ಮತದ ಹಕ್ಕಿಗಾಗಿ ನಡೆದ ಹೆಸರಾಂತ ಪಾದಯಾತ್ರೆ ಲೌಂಡ್ಸ್ ಮೂಲಕವೇ ಹೋಯಿತು. ಹೆದ್ದಾರಿ ಇಲ್ಲಿ ಕಿರಿದಾಗುತ್ತಿದ್ದುದರಿಂದ 300 ಜನ ಮಾತ್ರ ನಡೆಯಬಹುದು ಅಂತ ಕೋರ್ಟಿನ ಆದೇಶವಿತ್ತು. ಯಾತ್ರೆ ಮುಗಿದ ರಾತ್ರಿ ಜನರನ್ನು ಕಾರಿನಲ್ಲಿ ಬಿಟ್ಟುಬರುತ್ತಿದ್ದ ವಯೋಲಾ ಲಿಯುಟ್ಸೊ ಅವರನ್ನು ಇದೇ ಹೆದ್ದಾರಿಯಲ್ಲಿ ಗುಂಡಿಟ್ಟು ಕೊಂದರು. ಆಗಸ್ಟ್ 20ರಂದು ಹೇನ್‌ವಿಲ್‌ನಲ್ಲಿ ಹೋರಾಟಕ್ಕೆ ನೆರವಾಗಲು ಬಂದಿದ್ದ ಜಾನಥನ್ ಡೇನಿಯಲ್ಸ್ ಎಂಬ ಯುವಕ ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದವನನ್ನು ಬಿಳಿಯರಷ್ಟೇ ಇದ್ದ ಜ್ಯೂರಿ ಬಿಡುಗಡೆ ಮಾಡಿತು.

ಆಗಸ್ಟ್ 6ಕ್ಕೆ ಮತದಾನ ಹಕ್ಕು ಕಾಯ್ದೆ ಬಂದಿತ್ತು. ಕೇಂದ್ರ ಸರ್ಕಾರ ತನ್ನದೇ ಅಧಿಕಾರಿಗಳನ್ನು ಕಳಿಸಿ ನೋಂದಣಿ ಮಾಡಿಸಿದ ಮೊದಲ ಕೌಂಟಿಗಳಲ್ಲಿ ಲೌಂಡ್ಸ್ ಕೂಡ ಒಂದು.

ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ನಾಗರಿಕ ಹಕ್ಕು ಚಳವಳಿಯ ಯುವ ಮುಂದಾಳು ಸ್ಟೋಕ್ಲಿ ಕಾರ್ಮೈಕಲ್ ಮತ್ತು ಅವರ ಜೊತೆಗಾರರು ಸ್ಥಳೀಯರ ಜೊತೆ ಸೇರಿ ‘ಲೌಂಡ್ಸ್ ಕೌಂಟಿ ಫ್ರೀಡಂ ಆರ್ಗನೈಸೇಶನ್’ ಅಂತ ಪ್ರತ್ಯೇಕ ಪಕ್ಷವನ್ನೇ ಕಟ್ಟಿದರು. ಚಿಹ್ನೆ ಕರಿ ಚಿರತೆ. ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಆಗ ಬಿಳಿ ಹುಂಜ, ಜೊತೆಗೆ ಬಿಳಿಯರೇ ಶ್ರೇಷ್ಠರು ಎನ್ನುವ ಘೋಷಣೆ. ಇದೆಲ್ಲ ಎಲ್ಲ ಕಡೆ ಬರೆದಿದ್ದಾರೆ. ನಾನು ಒತ್ತಿ ಹೇಳಬೇಕೆಂದಿರುವುದು, 1966ರ ನವೆಂಬರ್ ಚುನಾವಣೆಗೆ ಅವರು ಯಾವ ಏಳು ಸ್ಥಾನಗಳಿಗೆ ನಿಂತರು ಅನ್ನೋದನ್ನು. ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್, ಸಾವಿನ ಕಾರಣ ತನಿಖೆ ಮಾಡುವ ಕಾರೊನರ್, ಶಾಲಾ ಮಂಡಳಿಯ ಮೂರು ಸ್ಥಾನ, ತೆರಿಗೆ ನಿಗದಿ ಮಾಡುವ ಅಧಿಕಾರಿ, ತೆರಿಗೆ ವಸೂಲಿ ಅಧಿಕಾರಿ.

ಕೊನೆಯ ಎರಡನ್ನು ಮತ್ತೆ ಓದಿ. ಹೆಚ್ಚು ಓದು ಸಿಗದ ರೈತರು, ಜಮೀನುದಾರರ ಹಂಗಿನಲ್ಲಿ ಬದುಕಿದವರು, ರಾತ್ರಿ ಸಭೆಗಳಲ್ಲಿ ಕೂತು ಕೌಂಟಿಯ ಯಾವ ಕುರ್ಚಿಗೆ ಏನು ಅಧಿಕಾರವಿದೆ ಅಂತ ಒಂದೊಂದಾಗಿ ಕಲಿತರು. ಪೊಲೀಸ್ ದೌರ್ಜನ್ಯ ನಿಲ್ಲಿಸಲು ಶೆರಿಫ್ ಬೇಕು, ಆದರೆ ಶಾಲೆ, ರಸ್ತೆ, ನೀರು ಬೇಕಾದರೆ ದೊಡ್ಡ ಜಮೀನುಗಳ ಮೇಲೆ ನ್ಯಾಯವಾದ ತೆರಿಗೆ ಬೀಳಬೇಕು, ಅದು ತೆರಿಗೆ ನಿಗದಿ ಮಾಡುವವನ ಕೈಲಿದೆ ಅಂತ ಅವರಿಗೆ ಆಗಲೇ ಗೊತ್ತಿತ್ತು. ಅಷ್ಟು ಸ್ಪಷ್ಟವಾದ ರಾಜಕೀಯ ತಿಳಿವಳಿಕೆ ಇವತ್ತಿನ ಎಷ್ಟೋ ಚಳವಳಿಗಳಲ್ಲೂ ನನಗೆ ಕಾಣುವುದಿಲ್ಲ.

ಅವರು ಏಳಕ್ಕೆ ಏಳೂ ಸೋತರು. ಹೆಸರು ನೋಂದಾಯಿಸಿದ್ದಕ್ಕೆ ಜಮೀನುದಾರರು ಕುಟುಂಬಗಳನ್ನೇ ಮನೆಯಿಂದ ಹೊರಗೆ ಹಾಕಿದ್ದರು. ಹಾಗೆ ಬೀದಿಗೆ ಬಿದ್ದವರು 1965ರ ಕೊನೆಯಿಂದ ಹೆದ್ದಾರಿಯ ಪಕ್ಕ ಡೇರೆ ಹಾಕಿಕೊಂಡು ಬದುಕಿದರು. ಆ ಡೇರೆಗಳ ಮೇಲೂ ಗುಂಡು ಹಾರಿಸಿದರು. ಇಷ್ಟಾದರೂ ಜನ ಬಿಡಲಿಲ್ಲ. 1970ರಲ್ಲಿ ಜಾನ್ ಹ್ಯೂಲೆಟ್ ಶೆರಿಫ್ ಆಗಿ ಗೆದ್ದರು, ಎರಡು ದಶಕಕ್ಕೂ ಹೆಚ್ಚು ಕಾಲ ಆ ಸ್ಥಾನದಲ್ಲಿದ್ದರು. ಬರಬರುತ್ತಾ ಕೌಂಟಿಯ ಉಳಿದ ಕುರ್ಚಿಗಳಿಗೂ ಕಪ್ಪು ಜನ ಬಂದರು.

ಕುರ್ಚಿ ಸಿಕ್ಕಿತು, ಕೀಲಿಕೈ ಬೇರೆಡೆ ಇತ್ತು

ಅಲಬಾಮಾದ 1901ರ ಸಂವಿಧಾನ ಬರೆದವರ ಉದ್ದೇಶ ಗುಟ್ಟೇನಲ್ಲ. ಕಪ್ಪು ಜನರ ಮತ ಕಿತ್ತುಕೊಳ್ಳಬೇಕು, ಕೌಂಟಿಗಳ ಕೈ ಕಟ್ಟಬೇಕು, ಆಸ್ತಿ ತೆರಿಗೆ ಏರದಂತೆ ನೋಡಿಕೊಳ್ಳಬೇಕು. ಮೊದಲನೆಯದು 1965ರಲ್ಲಿ ಮುರಿಯಿತು. ಉಳಿದ ಎರಡು ಹಾಗೇ ಉಳಿದವು. ಅಲ್ಲಿ ಕೌಂಟಿ ಅನ್ನೋದು ರಾಜ್ಯ ಶಾಸನಸಭೆ ಕೊಟ್ಟಷ್ಟೇ ಅಧಿಕಾರ ಇರುವ ಸಂಸ್ಥೆ. ಸಣ್ಣ ವಿಷಯಕ್ಕೂ ಮಾಂಟ್ಗೊಮರಿಯ ಕಡೆ ಮುಖ ಮಾಡಬೇಕು. 2022ರಲ್ಲಿ ಸಂವಿಧಾನದ ಜನಾಂಗೀಯ ಮಾತುಗಳನ್ನು ತೆಗೆದು ಹೊಸದಾಗಿ ಜೋಡಿಸಿದರು, ಆದರೆ ಕೌಂಟಿಗಳ ಕೈ ಬಿಚ್ಚಲಿಲ್ಲ.

ಎರಡನೇ ತಿರುವು 1978ರದ್ದು. ಆ ವರ್ಷದ ತಿದ್ದುಪಡಿಯ ಪ್ರಕಾರ ಕೃಷಿ ಭೂಮಿ, ಮರ ಬೆಳೆಯುವ ಭೂಮಿಗಳಿಗೆ ಮಾರುಕಟ್ಟೆ ಬೆಲೆ ಬಿಟ್ಟು ‘ಈಗಿನ ಬಳಕೆ’ಯ ಬೆಲೆ ಹಿಡಿಯಬಹುದು, ಅದರಲ್ಲೂ ಹತ್ತನೇ ಒಂದು ಭಾಗಕ್ಕೆ ಮಾತ್ರ ತೆರಿಗೆ. ಮೇಲೆ ಒಟ್ಟು ತೆರಿಗೆಗೊಂದು ಗರಿಷ್ಠ ಮಿತಿ. ಕೌಂಟಿಯವರು ಆಸ್ತಿ ತೆರಿಗೆ ದರ ಏರಿಸಬೇಕಾದರೆ ಸಾರ್ವಜನಿಕ ಸಭೆ ನಡೆಸಬೇಕು, ಶಾಸನಸಭೆಯ ಒಪ್ಪಿಗೆ ಪಡೆಯಬೇಕು, ಆಮೇಲೆ ಸ್ಥಳೀಯರ ಮತಕ್ಕೆ ಹಾಕಬೇಕು. ಇದು ಇಡೀ ರಾಜ್ಯಕ್ಕೆ ಬಂದ ನಿಯಮ, ಲೌಂಡ್ಸ್ ಒಂದನ್ನೇ ಗುರಿ ಮಾಡಿದ್ದಲ್ಲ. ಆದರೆ ಪೆಟ್ಟು ಜೋರಾಗಿ ಬಿದ್ದದ್ದು ಇಂಥ ಕೌಂಟಿಗಳಿಗೆ. ಭೂಮಿ ಬಿಟ್ಟರೆ ಬೇರೆ ದೊಡ್ಡ ಆಸ್ತಿ ಇಲ್ಲದ ಕಡೆ ಭೂಮಿಯ ತೆರಿಗೆಗೆ ಮುಚ್ಚಳ ಹಾಕಿದರೆ ಖಜಾನೆಯಲ್ಲಿ ಏನು ಉಳಿಯುತ್ತದೆ? 1966ರಲ್ಲಿ ಜನ ಬಯಸಿದ್ದ ತೆರಿಗೆ ಅಧಿಕಾರಿಯ ಕುರ್ಚಿ ಕೈಗೆ ಬರುವ ಹೊತ್ತಿಗೆ ಆ ಕುರ್ಚಿಯಲ್ಲಿ ಕೂತು ಮಾಡಬಹುದಾದದ್ದು ತುಂಬಾ ಕಡಿಮೆಯಾಗಿತ್ತು.

ಚುನಾವಣೆಯ ಲೆಕ್ಕವೂ ಹೀಗೇ. 2020ರಲ್ಲಿ ಲೌಂಡ್ಸ್‌ನ ನೂರಕ್ಕೆ 70ಕ್ಕೂ ಹೆಚ್ಚು ಮತ ಡೆಮಾಕ್ರಟಿಕ್ ಪಕ್ಷಕ್ಕೆ ಹೋದವು. ರಾಜ್ಯ ಶಾಸನಸಭೆ ರಿಪಬ್ಲಿಕನ್ನರ ಕೈಲಿದೆ. ಹತ್ತು ಸಾವಿರ ಜನರ ಕೌಂಟಿಯ ಮತಕ್ಕೆ ಅಲ್ಲಿ ಯಾವ ಬೆಲೆ? ವಾಷಿಂಗ್ಟನ್‌ನ ಸಂಸತ್ತಿನಲ್ಲಿ ಇವರ ಪ್ರತಿನಿಧಿಯಾಗಿ ಟೆರಿ ಸ್ಯೂಯೆಲ್ ವರ್ಷಗಳಿಂದ ಇದ್ದಾರೆ, ಕೊಳಚೆಯ ಸಮಸ್ಯೆಗೆ ದನಿ ಎತ್ತಿದ್ದಾರೆ. ಆದರೆ ದನಿ ಎತ್ತುವುದು ಬೇರೆ, ಒಂದೊಂದು ಹಿತ್ತಲಿಗೂ ಮರಳಿನ ದಿಬ್ಬ ಕಟ್ಟಿಸುವುದು ಬೇರೆ.

ಏನೇನು ಮಾಡಿ ನೋಡಿದರು

ಮೊದಲು ಮಾಡಿದ್ದು ಶಿಕ್ಷೆ. ರಾಜ್ಯದ ನಿಯಮದಂತೆ ಒಳಚರಂಡಿ ಇಲ್ಲದ ಮನೆಯ ಕೊಳಚೆಗೆ ಆ ಮನೆಯವರೇ ಹೊಣೆ. ಒಪ್ಪಿಗೆ ಪಡೆದ ವ್ಯವಸ್ಥೆ ಇಲ್ಲದಿದ್ದರೆ ಅದು ಅಪರಾಧ. 2000ದ ಆಸುಪಾಸಿನಲ್ಲಿ ಹಲವು ಕುಟುಂಬಗಳಿಗೆ ನೋಟಿಸ್ ಬಂದವು, ಕೋರ್ಟಿಗೆ ಅಲೆದರು, ಜೈಲಿನ ಬೆದರಿಕೆ ಬಂತು, ಕೆಲವರ ಬಂಧನವೂ ಆಯಿತು. ಮೇಲೆ ಹೇಳಿದ ಆ ಮನೆಯ ಅಜ್ಜಿಯ ಜಾಗದಲ್ಲಿ ನಿಂತು ಯೋಚಿಸಿ. ಟ್ಯಾಂಕ್ ಹಾಕಿಸಲು ದುಡ್ಡಿಲ್ಲ. ಸಾಲ ಕೇಳೋಣ ಅಂದರೆ ನೆಲ ಅವರ ಹೆಸರಲ್ಲಿಲ್ಲ, ಮೊಬೈಲ್ ಹೋಮ್ ವರ್ಷ ಕಳೆದಂತೆ ಬೆಲೆ ಕಳೆದುಕೊಳ್ಳುವ ವಸ್ತು, ಬ್ಯಾಂಕ್ ಯಾವುದನ್ನು ಅಡ ಇಟ್ಟುಕೊಳ್ಳಬೇಕು? ಹಾಕಿಸದಿದ್ದರೆ ಜೈಲು.

ಈ ನಿರ್ಧಾರದಿಂದ ಆದ ದೊಡ್ಡ ಹಾನಿ ಏನಂದರೆ ಜನ ಸಮಸ್ಯೆಯನ್ನು ಬಚ್ಚಿಡಲು ಕಲಿತರು. ಸಮೀಕ್ಷೆಗೆ ಬಂದವರಿಗೆ ಬಾಗಿಲು ತೆರೆಯಲು ಭಯ. ‘ನಮ್ಮ ಮನೆಯ ಪೈಪ್ ಹಿತ್ತಲಿಗೆ ಹೋಗುತ್ತದೆ’ ಅಂದರೆ ನಾಳೆ ನೋಟಿಸ್ ಬರಬಹುದು. ಕೌಂಟಿಯಲ್ಲಿ ಸರಿಯಾದ ವ್ಯವಸ್ಥೆ ಇಲ್ಲದ ಮನೆಗಳು ಎಷ್ಟು ಅಂದರೆ ಬಹಳ ವರ್ಷ ಓಡಾಡಿದ ಅಂದಾಜು ‘ನೂರಕ್ಕೆ 40ರಿಂದ 90’. ಅಂದಾಜಿನಲ್ಲಿ ಇಷ್ಟು ಅಂತರ ಇದ್ದರೆ ಅದಕ್ಕೆ ಒಂದೇ ಅರ್ಥ, ಯಾರೂ ನೆಟ್ಟಗೆ ಎಣಿಸಿಲ್ಲ. ಎಣಿಸದೆ ಯೋಜನೆ ಇಲ್ಲ, ಯೋಜನೆ ಇಲ್ಲದೆ ದುಡ್ಡಿಲ್ಲ.

ಎರಡನೆಯದು ಬೆಳಕಿಗೆ ತರುವ ಕೆಲಸ. ಇದೇ ಕೌಂಟಿಯಲ್ಲಿ ಬೆಳೆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಅವರು ವರ್ಷಗಟ್ಟಲೆ ಪತ್ರಕರ್ತರನ್ನು, ರಾಜಕಾರಣಿಗಳನ್ನು, ವಿಜ್ಞಾನಿಗಳನ್ನು ಕರೆದುಕೊಂಡು ಬಂದು ಹಿತ್ತಲುಗಳನ್ನು ತೋರಿಸಿದರು. 2017ರಲ್ಲಿ ಬೇಲರ್ ವೈದ್ಯಕೀಯ ಕಾಲೇಜಿನ ವಿಜ್ಞಾನಿಗಳ ಅಧ್ಯಯನ ಹೊರಬಂತು. ಪರೀಕ್ಷೆ ಮಾಡಿದ 55 ಜನರಲ್ಲಿ 19 ಮಂದಿಗೆ ಕೊಕ್ಕೆಹುಳದ ಕುರುಹು ಸಿಕ್ಕಿತು. ಅಮೆರಿಕದಿಂದ ಎಂದೋ ಹೋಯಿತು ಅಂತ ಎಲ್ಲರೂ ನಂಬಿದ್ದ ರೋಗ! ಆದರೆ ಇಲ್ಲಿ ಎಚ್ಚರ ಬೇಕು. 55 ಜನರ ಪರೀಕ್ಷೆಯಿಂದ ಇಡೀ ಕೌಂಟಿಯ ಲೆಕ್ಕ ಹೇಳಲು ಆಗುವುದಿಲ್ಲ. ಆ ಅಧ್ಯಯನ ಮಾಡಿದ ಕೆಲಸ ಬೇರೆ: ಅಲ್ಲಿಯವರೆಗೆ ‘ಕಾನೂನು ಪಾಲಿಸದವರು’ ಅನ್ನಿಸಿಕೊಂಡಿದ್ದ ಜನ ಮೊದಲ ಸಲ ಕಾಯಿಲೆಗೆ ಗುರಿಯಾದವರಾಗಿ ಕಂಡರು. ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಬಡತನ ವಿಷಯದ ವಿಶೇಷ ವರದಿಗಾರ ಫಿಲಿಪ್ ಆಲ್ಸ್ಟನ್ ಅಲಬಾಮಾದ ಹಳ್ಳಿಗಳಿಗೆ ಬಂದು ನೋಡಿದರು. ಮುಂದುವರಿದ ದೇಶದಲ್ಲಿ ಇಂಥದ್ದು ನೋಡಿರಲಿಲ್ಲ ಎಂಬ ಅರ್ಥದಲ್ಲಿ ಅವರು ಆಡಿದ ಮಾತು ಜಗತ್ತಿನಾದ್ಯಂತ ಸುದ್ದಿಯಾಯಿತು.

ಮೂರನೆಯದು ಕಾನೂನಿನ ದಾರಿ. ಇದನ್ನೇ ನಾನು ಮೂರನೇ ತಿರುವು ಅನ್ನುತ್ತೇನೆ. 2018ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ವಿರುದ್ಧ ಕೇಂದ್ರಕ್ಕೆ ನಾಗರಿಕ ಹಕ್ಕು ದೂರು ಹೋಯಿತು. ಸರ್ಕಾರಿ ಅನುದಾನ ಪಡೆಯುವ ಇಲಾಖೆ ಜನಾಂಗದ ಆಧಾರದಲ್ಲಿ ತಾರತಮ್ಯ ಮಾಡಬಾರದು ಅನ್ನುವ 1964ರ ಕಾಯ್ದೆಯೇ ಅದಕ್ಕೆ ಆಧಾರ. 2021ರ ನವೆಂಬರ್‌ನಲ್ಲಿ ನ್ಯಾಯ ಇಲಾಖೆ ತನಿಖೆ ಶುರು ಮಾಡಿತು. 2023ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಪರಿಸರ ನ್ಯಾಯದ ವಿಷಯದಲ್ಲಿ ನಾಗರಿಕ ಹಕ್ಕು ಕಾನೂನು ಬಳಸಿ ನ್ಯಾಯ ಇಲಾಖೆ ಮಾಡಿಕೊಂಡ ಮೊದಲ ಒಪ್ಪಂದ ಅದು. ಕೊಳಚೆಯ ಕಾರಣಕ್ಕೆ ಮನೆಯವರ ಮೇಲೆ ದಂಡ, ಕ್ರಿಮಿನಲ್ ಕೇಸ್, ಆಸ್ತಿಯ ಮೇಲೆ ಹಕ್ಕು ಸ್ಥಾಪನೆ ಇವನ್ನೆಲ್ಲ ನಿಲ್ಲಿಸಬೇಕು. ಯಾವ ಮನೆಯ ಸ್ಥಿತಿ ಹೇಗಿದೆ ಅಂತ ಲೆಕ್ಕ ತೆಗೆಯಬೇಕು. ಯಾರಿಗೆ ಮೊದಲು ಬೇಕೋ ಅವರಿಗೆ ಮೊದಲು ವ್ಯವಸ್ಥೆ ಸಿಗುವಂತೆ ಯೋಜನೆ ಮಾಡಬೇಕು.

ತಪ್ಪು ಹೊರಿಸುವ ದಿಕ್ಕು ಇಲ್ಲಿ ಬದಲಾಯಿತು. ಅಲ್ಲಿಯವರೆಗೆ ಪ್ರಶ್ನೆ ‘ಈ ಮನೆಯವರು ಯಾಕೆ ಟ್ಯಾಂಕ್ ಹಾಕಿಸಲಿಲ್ಲ?’ ಅಂತ ಇತ್ತು. ಈಗ ‘ಇಲಾಖೆ ಯಾಕೆ ಸುಮ್ಮನಿತ್ತು?’ ಅಂತ ಆಯಿತು. ಭಯ ಹೋದ ಮೇಲೆ ಜನ ತಾವೇ ಮುಂದೆ ಬಂದು ಹೆಸರು ಕೊಡುವ ಸ್ಥಿತಿ ಬಂತು.

ದುಡ್ಡಿನ ದಾರಿಯೂ ಆಗ ಸ್ವಲ್ಪ ತೆರೆಯಿತು. 2022ರ ಆಗಸ್ಟ್‌ನಲ್ಲಿ ಕೇಂದ್ರದ ಪರಿಸರ ಸಂಸ್ಥೆ ಮತ್ತು ಕೃಷಿ ಇಲಾಖೆಯ ಮುಖ್ಯಸ್ಥರು ಲೌಂಡ್ಸ್‌ಗೇ ಬಂದು ದೇಶದ 11 ಹಿಂದುಳಿದ ಸಮುದಾಯಗಳಿಗೆ ಕೊಳಚೆ ವ್ಯವಸ್ಥೆ ಮಾಡಲು ನೆರವಾಗುವ ಕಾರ್ಯಕ್ರಮ ಪ್ರಕಟಿಸಿದರು. ಸ್ಥಳೀಯವಾಗಿ ಕಟ್ಟಿಕೊಂಡ ಸಂಸ್ಥೆಗಳ ಮೂಲಕ ಕೆಲವು ಮನೆಗಳಿಗೆ ಸರಿಯಾದ ವ್ಯವಸ್ಥೆ ಬಂತು.

ಆಮೇಲೆ

2025ರ ಏಪ್ರಿಲ್‌ನಲ್ಲಿ ನ್ಯಾಯ ಇಲಾಖೆ ಆ ಒಪ್ಪಂದವನ್ನು ಕೊನೆಗೊಳಿಸಿತು. ವೈವಿಧ್ಯ ಮತ್ತು ಸಮಾನತೆಯ ಹೆಸರಿನ ಕಾರ್ಯಕ್ರಮಗಳ ವಿರುದ್ಧ ಹೊಸ ಅಧ್ಯಕ್ಷರು ಹೊರಡಿಸಿದ ಆದೇಶವನ್ನು ಕಾರಣವಾಗಿ ಕೊಟ್ಟರು. ರಾಜ್ಯದ ಆರೋಗ್ಯ ಇಲಾಖೆ ಕೈಲಿರುವ ಹಣ ಮುಗಿಯುವವರೆಗೆ ಕೆಲಸ ಮುಂದುವರಿಸುತ್ತೇವೆ ಅಂದಿತು. ಜೊತೆಗೆ ಟ್ಯಾಂಕ್ ಹಾಕಿಸುವ ಕೆಲಸ ಕಾನೂನಿನ ಪ್ರಕಾರ ತನ್ನ ಹೊಣೆಯಲ್ಲ ಎಂಬ ಹಳೆಯ ನಿಲುವನ್ನೂ ಹೇಳಿತು.

ಈ ಸುದ್ದಿ ಓದಿದಾಗ ನನಗೆ ತುಂಬಾ ಸಂಕಟವಾಯಿತು. ಕೊಳಚೆ ನೀರು ಯಾವ ಪಕ್ಷದ ಅಧ್ಯಕ್ಷರು ಅಂತ ಕೇಳಿ ಹರಿಯುವುದಿಲ್ಲ. ಆದರೂ ಒಂದು ಪಾಠವಾಗಿ ಇದನ್ನು ನೋಡಲೇಬೇಕು. ಒಪ್ಪಂದ ಬಲವಾಗಿತ್ತು, ಆದರೆ ಅದು ನಿಂತಿದ್ದದ್ದು ಒಂದು ಆಡಳಿತದ ಇಚ್ಛೆಯ ಮೇಲೆ. ರಾಜ್ಯದ ಕಾನೂನು ಬದಲಾಗಲಿಲ್ಲ. ಹೊಣೆ ಮನೆಯವರದ್ದೇ ಅನ್ನುವ ನಿಯಮ ಪುಸ್ತಕದಲ್ಲಿ ಹಾಗೇ ಇತ್ತು, ಜಾರಿ ಮಾತ್ರ ನಿಂತಿತ್ತು. 1965ರ ಮತದಾನ ಕಾಯ್ದೆಯ ಜೊತೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಅದು ಸಂಸತ್ತು ಮಾಡಿದ ಕಾನೂನು. 2013ರಲ್ಲಿ ಸುಪ್ರೀಂ ಕೋರ್ಟ್ ಇದೇ ಅಲಬಾಮಾದ ಶೆಲ್ಬಿ ಕೌಂಟಿಯ ಕೇಸಿನಲ್ಲಿ ಅದರ ಒಂದು ಮುಖ್ಯ ಭಾಗವನ್ನು ನಿಷ್ಕ್ರಿಯ ಮಾಡಿದರೂ, ಅಷ್ಟರೊಳಗೆ ಸುಮಾರು ಅರ್ಧ ಶತಮಾನ ಕೆಲಸ ಮಾಡಿಯಾಗಿತ್ತು. ಈ ಒಪ್ಪಂದಕ್ಕೆ ಸಿಕ್ಕದ್ದು ಎರಡು ವರ್ಷ.

ನಾನು ಇದರಿಂದ ತೆಗೆದುಕೊಂಡದ್ದು

ಇಡೀ ಪ್ರಕರಣದಲ್ಲಿ ನನ್ನ ಕಣ್ಣಿಗೆ ಮುಖ್ಯವಾಗಿ ಕಂಡದ್ದು ಹೊಣೆ ಯಾವ ಮಟ್ಟದಲ್ಲಿ ಇಟ್ಟರು ಅನ್ನೋದು. ಮಣ್ಣು ಇಡೀ ಸೀಮೆಯದು, ಬಡತನಕ್ಕೆ ಇನ್ನೂರು ವರ್ಷದ ಇತಿಹಾಸವಿದೆ, ತೆರಿಗೆಯ ಮಿತಿ ರಾಜ್ಯದ್ದು. ಹೊಣೆ ಮಾತ್ರ ಒಂದು ಮೊಬೈಲ್ ಹೋಮಿನ ಅಜ್ಜಿಯದು. ಸಮಸ್ಯೆ ಹುಟ್ಟಿದ ಮಟ್ಟಕ್ಕೂ ಹೊಣೆ ಬಿದ್ದ ಮಟ್ಟಕ್ಕೂ ಇಷ್ಟು ದೂರ ಇದ್ದರೆ ಎಷ್ಟು ನೋಟಿಸ್ ಕೊಟ್ಟರೂ ಫಲವಿಲ್ಲ. ನಮ್ಮಲ್ಲಿ ಯಾವ ಹಳ್ಳಿಯ ಯಾವ ಯೋಜನೆಯನ್ನು ನೋಡುವಾಗಲೂ ಮೊದಲು ಕೇಳಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ಹೊಣೆ ಯಾರ ಮೇಲೆ ಬರೆದಿದೆ, ಅದನ್ನು ಹೊರುವ ದುಡ್ಡು ಮತ್ತು ಅಧಿಕಾರ ಅವರ ಕೈಲಿದೆಯಾ?

ಇನ್ನೊಂದು, ಮಣ್ಣಿನ ವಿಷಯ. ಎರೆ ಭೂಮಿಯಲ್ಲಿ ಶೌಚಾಲಯ ಕಟ್ಟಿಸುವಾಗ ಎಲ್ಲ ಕಡೆ ಒಂದೇ ನಮೂನೆಯ ಇಂಗುಗುಂಡಿ ತೋಡಿಸಿದರೆ ಆಗುವುದಿಲ್ಲ. ಮಳೆಗಾಲದಲ್ಲಿ ಗುಂಡಿ ತುಂಬಿ ನಿಂತರೆ ಜನ ಮತ್ತೆ ಬಯಲಿಗೆ ಹೋಗುತ್ತಾರೆ, ನಾವು ಮತ್ತೆ ಜನರ ಅಭ್ಯಾಸವನ್ನೇ ಬೈಯುತ್ತೇವೆ. ಎಣಿಕೆಗಾಗಿ ಕಟ್ಟಿದ ಶೌಚಾಲಯಕ್ಕಿಂತ ಗುಂಡಿ ತೋಡಿ, ನೀರು ಹುಯ್ದು, ಇಳಿಯುತ್ತದಾ ಅಂತ ಒಂದು ದಿನ ಕಾದು ನೋಡಿ ಕಟ್ಟಿದ ಶೌಚಾಲಯ ಬಾಳುತ್ತದೆ.

ಅಧ್ಯಯನ ಮಾಡುವವರಿಗೂ ಒಂದು ಮಾತು. ಶಿಕ್ಷೆಯ ಭಯ ಇರುವ ಕಡೆ ಬರುವ ಅಂಕಿ ಅಂಶವನ್ನು ನಂಬಬೇಡಿ. ಮೊದಲು ಭಯ ತೆಗೆಯಿರಿ, ಆಮೇಲೆ ಎಣಿಸಿ. ಲೌಂಡ್ಸ್‌ನಲ್ಲಿ ಈ ಕ್ರಮ ಉಲ್ಟಾ ಆಗಿದ್ದಕ್ಕೆ ವರ್ಷಗಳೇ ಹಾಳಾದವು.

ಈಗ ನಾನು ಗಮನಿಸುತ್ತಿರುವುದು ಅಷ್ಟು ಸುದ್ದಿಯಾಗದ ಒಂದು ವಿಷಯ, ನಿರ್ವಹಣೆ. ಮರಳಿನ ದಿಬ್ಬದ ವ್ಯವಸ್ಥೆಗೆ ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು, ಕೆಟ್ಟರೆ ರಿಪೇರಿ ಮಾಡುವವರು ಬೇಕು, ಕೆಲವು ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸಬೇಕು. ಅನುದಾನದಲ್ಲಿ ಟ್ಯಾಂಕ್ ಬರುತ್ತದೆ, ಎಂಟನೇ ವರ್ಷದ ರಿಪೇರಿ ಬರುವುದಿಲ್ಲ. ಅಲ್ಲಿನ ಸ್ಥಳೀಯ ಸಂಸ್ಥೆಯೊಂದು ಮನೆಯವರಿಂದ ತಿಂಗಳಿಗೆ ಸಣ್ಣ ಮೊತ್ತ ಪಡೆದು ನಿರ್ವಹಣೆಯನ್ನು ತಾನೇ ನೋಡಿಕೊಳ್ಳುವ ಪದ್ಧತಿ ಮಾಡಿಕೊಂಡಿದೆ. ಒಬ್ಬೊಬ್ಬರ ತಲೆಯ ಮೇಲಿದ್ದ ಭಾರವನ್ನು ಊರೇ ಹಂಚಿಕೊಳ್ಳುವ ಪ್ರಯತ್ನ ಅದು. ಹತ್ತಾರು ಹಳ್ಳಿಗಳಲ್ಲಿ ಚದುರಿರುವ ಮನೆಗಳಿಗೆ ಇದು ನಡೆಯುತ್ತದಾ, ಹೊರಗಿನ ಹಣ ನಿಂತ ಮೇಲೂ ಪಂಪ್‌ಗಳು ಓಡುತ್ತವಾ ಅನ್ನೋದು ಮುಂದಿನ ಕೆಲವು ಮಳೆಗಾಲಗಳಲ್ಲಿ ಗೊತ್ತಾಗುತ್ತದೆ.